ಆಮಂತ್ರಣ ಪತ್ರಿಕೆಯ ಒತ್ತಕ್ಷರ ಒಡೆಯದಿರಲಿ: ಸಂಘಗಳ ಮುದ್ರಣ ಸಮಸ್ಯೆಗಳಿಗೆ ಸರಳ ಪರಿಹಾರ

ಮುಂಬಯಿ: ಹೊರನಾಡಿನಲ್ಲಿ ಕನ್ನಡ ಸಂಘ ನಡೆಸುವುದೆಂದರೆ ಅರ್ಧ ಕೆಲಸ ಕಾಗದದ ಮೇಲಿನ ಕೆಲಸವೇ ಆಗಿದೆ. ಮಹಾಸಭೆಯ ತಿಳುವಳಿಕೆ ಪತ್ರ, ವಾರ್ಷಿಕೋತ್ಸವದ ಆಮಂತ್ರಣ, ಅರಸಿನ ಕುಂಕುಮದ ಕರಪತ್ರ, ಪ್ರತಿಭಾ ಪುರಸ್ಕಾರದ ಪ್ರಮಾಣ ಪತ್ರ, ಯಕ್ಷಗಾನದ ಟಿಕೇಟು, ದಾನಿಗಳಿಗೆ ರಶೀದಿ, ಕನ್ನಡ ತರಗತಿಯ ಮಕ್ಕಳಿಗೆ ಅಕ್ಷರಾಭ್ಯಾಸದ ಹಾಳೆ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಒಂದು ಕಾಲದಲ್ಲಿ ಇದೆಲ್ಲವೂ ಕನ್ನಡ ಮೊಳೆಗಳಿದ್ದ ಮುದ್ರಣಾಲಯಗಳಿಗೆ ಹೋಗುತ್ತಿತ್ತು. ಈಗ ಸಣ್ಣ ಪ್ರಮಾಣದ ಕೆಲಸವೆಲ್ಲ ಕಾರ್ಯದರ್ಶಿಯ ಮನೆಯ ಮೂಲೆಯಲ್ಲಿರುವ ಪ್ರಿಂಟರಿನ ಪಾಲಾಗಿದೆ.

ಮುದ್ರಣ ಕೈಕೊಡುವುದು ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗಲೇ. 'ಶ್ರೀ' ಒಡೆದು ಮೂರು ಚೂರಾಗುತ್ತದೆ, ಒತ್ತಕ್ಷರ ಮಾಯವಾಗುತ್ತದೆ, ಹಾಳೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸಮಿತಿಯಲ್ಲಿ ಯಾರಾದರೊಬ್ಬರು "ಈ ಬಾರಿ ಇಂಗ್ಲಿಷಿನಲ್ಲೇ ಹೊಡೆಸಿಬಿಡೋಣ" ಎನ್ನುತ್ತಾರೆ. ಒಂದು ಬಾರಿ ಹಾಗಾದರೆ ಮುಂದಿನ ವರ್ಷ ಅದೇ ರೂಢಿಯಾಗುತ್ತದೆ. ಕನ್ನಡ ಸಂಘದ ಆಮಂತ್ರಣ ಪತ್ರಿಕೆಯಿಂದ ಕನ್ನಡವೇ ಜಾರಿಹೋಗಲು ಭಾಷಾಭಿಮಾನದ ಕೊರತೆಯೇ ಕಾರಣವಾಗಬೇಕಿಲ್ಲ, ಪ್ರಿಂಟರಿನ ಚಿಕ್ಕ ದೋಷವೂ ಸಾಕಾಗುತ್ತದೆ.

1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಕಾಗುಣಿತ ಮತ್ತು ಒತ್ತುಗಳನ್ನು ಅಚ್ಚಿಗೆ ಒಗ್ಗಿಸುವ ಕಷ್ಟ ಅಂದಿನಿಂದಲೂ ಇದೆ. ಕಷ್ಟ ಇದೆಯೆಂದು ಅವರು ಕನ್ನಡವನ್ನು ಬಿಡಲಿಲ್ಲ. ಇಂದಿನ ಬಹುತೇಕ ತೊಂದರೆಗಳಿಗೆ ಮನೆಯಲ್ಲಿಯೇ ಪರಿಹಾರವಿದೆ.

ಮೊದಲು ದೋಷ ಎಲ್ಲಿದೆ ತಿಳಿಯಿರಿ

ಮುದ್ರಣ ಕೆಟ್ಟ ಕೂಡಲೇ ಕಾರ್ಟ್ರಿಜ್ ಬದಲಿಸಲು ಓಡುವವರೇ ಹೆಚ್ಚು. ಅದು ಹಣ ಪೋಲು ಮಾಡುವ ದಾರಿ. ದೋಷ ಕಡತದಲ್ಲಿರಬಹುದು, ಕಂಪ್ಯೂಟರಿನಲ್ಲಿರಬಹುದು, ಯಂತ್ರದಲ್ಲಿರಬಹುದು ಅಥವಾ ಕಾಗದದಲ್ಲಿರಬಹುದು. ನಾಲ್ಕರಲ್ಲಿ ಯಾವುದೆಂದು ತಿಳಿಯಲು ಹತ್ತು ನಿಮಿಷ ಸಾಕು.

ಕಂಪ್ಯೂಟರಿನ ನೆರವಿಲ್ಲದೆ ಪ್ರಿಂಟರಿನ ಗುಂಡಿ ಒತ್ತಿಯೇ ಪರೀಕ್ಷಾ ಪುಟ ತೆಗೆಯುವ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿ ಇರುತ್ತದೆ. ಆ ಪುಟ ಚೆನ್ನಾಗಿ ಬಂದರೆ ಯಂತ್ರ ಸರಿಯಿದೆ, ತೊಂದರೆ ಕಂಪ್ಯೂಟರ್ ಅಥವಾ ಕಡತದ್ದು ಎಂದರ್ಥ. ಬಳಿಕ ಬೇರೊಂದು ಕನ್ನಡ ಕಡತವನ್ನು ಮುದ್ರಿಸಿ ನೋಡಿ. ಅದು ಸರಿಯಾಗಿ ಬಂದರೆ ಮೊದಲಿನ ಕಡತದ ಮೇಲೆಯೇ ಸಂಶಯಪಡಬೇಕು. ಪರೀಕ್ಷಾ ಪುಟವೇ ಮಸುಕಾಗಿ, ಗೆರೆಗೆರೆಯಾಗಿ ಬಂದರೆ ಯಂತ್ರದ ಕಡೆ ಗಮನ ಕೊಡಿ. ಅಕ್ಷರ ಚೆನ್ನಾಗಿದ್ದೂ ಹಾಳೆ ಪದೇಪದೇ ಸಿಕ್ಕಿಕೊಂಡರೆ ಕಾಗದವನ್ನೂ ಅದನ್ನು ಎಳೆದುಕೊಳ್ಳುವ ರಬ್ಬರ್ ಉರುಳೆಯನ್ನೂ ನೋಡಿ.

ಏನೂ ಬಾರದೆ ಯಂತ್ರ ಸುಮ್ಮನಿದ್ದರೆ, ಹಿಂದೆ ಕಳಿಸಿದ ಯಾವುದೋ ಕೆಲಸ ಸರದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಮುಂದಿನವರು ಅಡ್ಡ ನಿಂತರೆ ಹಿಂದಿನ ಸಾಲೆಲ್ಲ ನಿಂತಂತೆ ಇದು. ಸರದಿಯಲ್ಲಿರುವ ಎಲ್ಲ ಕೆಲಸಗಳನ್ನೂ ರದ್ದುಮಾಡಿ, ಪ್ರಿಂಟರನ್ನೂ ಕಂಪ್ಯೂಟರನ್ನೂ ಒಮ್ಮೆ ಆರಿಸಿ ಹಚ್ಚಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ವೈಫೈ ಪ್ರಿಂಟರ್ 'ಆಫ್‌ಲೈನ್' ಎಂದು ತೋರಿಸಿದರೆ, ಫೋನು ಮತ್ತು ಪ್ರಿಂಟರ್ ಎರಡೂ ಒಂದೇ ವೈಫೈ ಸಂಪರ್ಕದಲ್ಲಿ ಇವೆಯೇ ಎಂದು ಮೊದಲು ನೋಡಿ. ಅನೇಕ ಸಣ್ಣ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಸಂಪರ್ಕವನ್ನು ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣಿಸುವುದೇ ಇಲ್ಲ.

ಕನ್ನಡ ಅಕ್ಷರ ಕೆಟ್ಟರೆ

ಸಂಘಗಳನ್ನು ಅತಿಯಾಗಿ ಕಾಡುವ ತೊಂದರೆ ಇದೇ. ಮನೆಯಲ್ಲಿ ಸೊಗಸಾಗಿ ಕಂಡ ಆಮಂತ್ರಣ ಪತ್ರಿಕೆ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿರುತ್ತದೆ. ಇದಕ್ಕೆ ಕಾರಣ ಹಳೆಯ ಮಾದರಿಯ ಫಾಂಟುಗಳು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಮನೆಮಾತಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಲು ಇವೆರಡೂ ಮಾಡಿದ ಉಪಕಾರ ದೊಡ್ಡದು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚುತ್ತದೆ. ನುಡಿಯಲ್ಲಿ ಟೈಪಿಸಿದ 'ಕನ್ನಡ' ಎಂಬ ಪದದ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಬಂದು ಕೂರುವುದನ್ನು ಅನೇಕರು ಕಂಡಿರಬಹುದು.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಫಾಂಟ್ ಬದಲಾದರೂ ಅಕ್ಷರ ಬದಲಾಗದು. ಆದ್ದರಿಂದ ಹೊಸ ಕೆಲಸವನ್ನೆಲ್ಲ ಯೂನಿಕೋಡ್‌ನಲ್ಲಿಯೇ ಮಾಡಿ. ವಿಂಡೋಸಿನಲ್ಲಿರುವ 'ನಿರ್ಮಲಾ ಯುಐ', 'ತುಂಗಾ', ಉಚಿತವಾಗಿ ಸಿಗುವ 'ನೋಟೋ ಸಾನ್ಸ್ ಕನ್ನಡ' ಇವೆಲ್ಲ ಯೂನಿಕೋಡ್ ಫಾಂಟುಗಳು. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಇವೆ. ಪರಿವರ್ತಿಸಿದ ಬಳಿಕ ಅರ್ಕಾವೊತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡುವುದು ಕ್ಷೇಮ.

ಯೂನಿಕೋಡ್ ಆದರೂ ಒತ್ತಕ್ಷರ ಒಡೆಯುತ್ತದೆಯಲ್ಲ ಎಂದು ಕೇಳುವವರಿದ್ದಾರೆ. 'ಶ್ರೀ' ಬರೆದಾಗ ಕಡತದಲ್ಲಿ ಇರುವುದು ಶ, ಅರ್ಧಾಕ್ಷರದ ಚಿಹ್ನೆ, ರ ಮತ್ತು ದೀರ್ಘ ಈಕಾರ. ಇವನ್ನು ಸೇರಿಸಿ ಒಂದೇ ರೂಪ ಮಾಡುವ ಕೆಲಸ ತಂತ್ರಾಂಶದ್ದು. ಕೆಲವು ಮುದ್ರಣ ಅಂಗಡಿಗಳಲ್ಲಿ ಉಳಿದುಕೊಂಡಿರುವ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಈ ವಿದ್ಯೆ ಗೊತ್ತಿಲ್ಲ. ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಎಂಬ ಆಯ್ಕೆಯನ್ನು ಹಚ್ಚದಿದ್ದರೆ ಅಲ್ಲಿಯೂ ಅಕ್ಷರ ಒಡೆಯುತ್ತದೆ. ಅಂಗಡಿಯವರಿಗೆ ಈ ಒಂದು ಮಾತು ಹೇಳಿದರೆ ಅರ್ಧ ದಿನದ ಅಲೆದಾಟ ಉಳಿಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಪಿಡಿಎಫ್. ಟೈಪಿಸಿದ ಕಡತವನ್ನು ಹಾಗೆಯೇ ಕಳಿಸದೆ ಪಿಡಿಎಫ್ ಮಾಡಿ ಕಳಿಸಿ. ಅಕ್ಷರ ರೂಪಗಳು ಅದರೊಳಗೇ ಸೇರಿಕೊಂಡು ಹೋಗುತ್ತವೆ. ಸೇರಿದೆಯೇ ಎಂದು ತಿಳಿಯಲು ಅಡೋಬಿ ರೀಡರಿನಲ್ಲಿ ಕಡತದ 'ಪ್ರಾಪರ್ಟೀಸ್' ತೆರೆದು 'ಫಾಂಟ್ಸ್' ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಎಂದಿರಬೇಕು. ಅಷ್ಟಾದರೂ ಪ್ರಿಂಟರ್ ಅಕ್ಷರ ಕೆಡಿಸಿದರೆ ಮುದ್ರಣದ 'ಅಡ್ವಾನ್ಸ್ಡ್' ಭಾಗದಲ್ಲಿ 'ಪ್ರಿಂಟ್ ಆ್ಯಸ್ ಇಮೇಜ್' ಆಯ್ಕೆ ಮಾಡಿ. ಪುಟವನ್ನು ಚಿತ್ರವಾಗಿಯೇ ಕಳಿಸುವುದರಿಂದ ಮುದ್ರಣ ಸ್ವಲ್ಪ ನಿಧಾನವಾದರೂ ಅಕ್ಷರ ಒಡೆಯದು.

ಪ್ರತಿಭಾ ಪುರಸ್ಕಾರದ ಪ್ರಮಾಣ ಪತ್ರದಲ್ಲಿ 'ರ‍್ಯಾಂಕ್' ಪದದ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಜಿಗಿಯುವುದು ಇನ್ನೊಂದು ಪೀಡೆ. ರ ಅಕ್ಷರದ ನಂತರ, ಅರ್ಧಾಕ್ಷರದ ಚಿಹ್ನೆಗೆ ಮೊದಲು 'ಝೀರೋ ವಿಡ್ತ್ ಜಾಯ್ನರ್' ಎಂಬ ಕಾಣದ ಚಿಹ್ನೆಯನ್ನು ಸೇರಿಸಿದರೆ ಅದು ಸರಿಯಾಗುತ್ತದೆ.

ಸಾಲುಗಳ ನಡುವಿನ ಅಂತರವನ್ನೂ ಗಮನಿಸಬೇಕು. ಕನ್ನಡದ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ. ವರ್ಡ್‌ನಲ್ಲಿ ಸಾಲಿನ ಅಂತರಕ್ಕೆ 'ಎಕ್ಸಾಕ್ಟ್ಲಿ' ಎಂದು ಕೊಟ್ಟು ಚಿಕ್ಕ ಸಂಖ್ಯೆ ಹಾಕಿದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. 'ಆ್ಯಟ್ ಲೀಸ್ಟ್' ಅಥವಾ 'ಮಲ್ಟಿಪಲ್' ಆಯ್ಕೆ ಮಾಡಿ. ಶಾಯಿ ಉಳಿಸಲೆಂದು 'ಡ್ರಾಫ್ಟ್' ಕ್ರಮದಲ್ಲಿ ತೆಗೆದರೆ ಮೊದಲು ಅಳಿಯುವುದೂ ಒತ್ತಕ್ಷರವೇ. ಹಿರಿಯ ಸದಸ್ಯರು ಓದಬೇಕಾದ ಪತ್ರಕ್ಕೆ 14ರ ಅಳತೆಯ ಅಕ್ಷರವಿದ್ದರೆ ಒಳ್ಳೆಯದು.

ಇಂಕ್‌ಜೆಟ್: ಬಳಸದಿದ್ದರೇ ಕೆಡುಕು

ಇಂಕ್‌ಜೆಟ್ ಪ್ರಿಂಟರಿನ ತುದಿಯಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಯಂತ್ರ ವಾರಗಟ್ಟಲೆ ಸುಮ್ಮನಿದ್ದರೆ ಅಲ್ಲಿ ಶಾಯಿ ಒಣಗುತ್ತದೆ. ಪುಟದ ಮೇಲೆ ಅಡ್ಡಡ್ಡ ಬಿಳಿ ಗೆರೆ ಬಂದರೆ, ಕೆಂಪು ಇರಬೇಕಾದಲ್ಲಿ ಹಳದಿ ಬಂದರೆ ರಂಧ್ರ ಕಟ್ಟಿದೆ ಎಂದು ತಿಳಿಯಬೇಕು. 'ನಾಝಲ್ ಚೆಕ್' ಪುಟ ತೆಗೆದರೆ ಯಾವ ಬಣ್ಣ ಕಟ್ಟಿದೆ ಎಂದು ಗೊತ್ತಾಗುತ್ತದೆ. ಬಳಿಕ 'ಹೆಡ್ ಕ್ಲೀನಿಂಗ್' ಎರಡು ಮೂರು ಬಾರಿ ಮಾಡಿ ಮತ್ತೆ ಪರೀಕ್ಷಿಸಿ. ಆದರೂ ಸರಿಯಾಗದಿದ್ದರೆ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಪ್ರಯತ್ನಿಸಿ. ಒಣಗಿದ ಶಾಯಿ ನೆನೆದು ಸಡಿಲಗೊಳ್ಳಲು ಸಮಯ ಬೇಕು. ಸಿಟ್ಟಿನಿಂದ ಹತ್ತು ಬಾರಿ ಶುದ್ಧಿ ಮಾಡಿದರೆ ಶಾಯಿ ಖಾಲಿಯಾಗುವುದಲ್ಲದೆ, ಆ ತ್ಯಾಜ್ಯ ಶಾಯಿಯೆಲ್ಲ ಯಂತ್ರದ ಒಳಗಿನ ಹೀರು ಪ್ಯಾಡಿಗೆ ಹೋಗಿ ಅದೂ ತುಂಬುತ್ತದೆ. ಪ್ಯಾಡ್ ತುಂಬಿತೆಂದು ಯಂತ್ರ ನಿಂತರೆ ಸರ್ವಿಸ್ ಕೇಂದ್ರದ ದಾರಿ ಹಿಡಿಯಬೇಕಾಗುತ್ತದೆ.

ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಒಂದು ಪುಟ ತೆಗೆಯುವುದು ಅಗ್ಗದ ಔಷಧ. ಯಂತ್ರವನ್ನು ಯಾವಾಗಲೂ ಅದರ ಗುಂಡಿಯಿಂದಲೇ ಆರಿಸಿ. ಆಗ ಮಾತ್ರ ಮುದ್ರಣ ತುದಿ ತನ್ನ ಜಾಗಕ್ಕೆ ಮರಳಿ ಮುಚ್ಚಳ ಹಾಕಿಕೊಳ್ಳುತ್ತದೆ. ಕೆಲಸದ ನಡುವೆ ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಅದು ತೆರೆದೇ ಉಳಿದು ಒಣಗುತ್ತದೆ. ಟ್ಯಾಂಕಿನ ಪ್ರಿಂಟರುಗಳಲ್ಲಿ ಶಾಯಿ ಕೆಳಗಿನ ಗುರುತಿಗಿಂತ ಇಳಿಯಲು ಬಿಡಬೇಡಿ. ನಳಿಕೆಗೆ ಗಾಳಿ ಹೊಕ್ಕರೆ ರಿಪೇರಿ ಕಷ್ಟ. ಒಂದು ಮಾದರಿಯ ಶಾಯಿಗೆ ಇನ್ನೊಂದನ್ನು ಬೆರೆಸಬಾರದು. ಸಾಲುಗಳು ಜೋಡಿಯಾಗಿ, ಅಂಕುಡೊಂಕಾಗಿ ಕಂಡರೆ ಶಾಯಿಯ ತಪ್ಪಲ್ಲ, 'ಹೆಡ್ ಅಲೈನ್‌ಮೆಂಟ್' ಮಾಡಿದರೆ ಸಾಕು.

ಲೇಸರ್: ಕಲೆಯೇ ಕಾರಣ ಹೇಳುತ್ತದೆ

ಲೇಸರ್ ಪ್ರಿಂಟರಿನಲ್ಲಿ ಬೆಳಕು ಡ್ರಮ್ಮಿನ ಮೇಲೆ ಚಿತ್ರ ಬರೆಯುತ್ತದೆ, ಟೋನರ್ ಪುಡಿ ಅಲ್ಲಿ ಅಂಟುತ್ತದೆ, ಬಿಸಿ ಉರುಳೆ ಅದನ್ನು ಕಾಗದದ ಮೇಲೆ ಕರಗಿಸಿ ಕೂರಿಸುತ್ತದೆ. ಈ ಕ್ರಮ ತಿಳಿದಿದ್ದರೆ ದೋಷ ಹುಡುಕುವುದು ಸುಲಭ. ಪುಟ ಒಟ್ಟಾರೆ ಮಸುಕಾದರೆ ಟೋನರ್ ಮುಗಿಯುತ್ತಿದೆ. ಕಾರ್ಟ್ರಿಜ್ ತೆಗೆದು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿದರೆ ಇನ್ನೂ ಕೆಲವು ಪ್ರತಿ ಬರುತ್ತದೆ. ಉದ್ದಕ್ಕೆ ಸಣ್ಣ ಕಪ್ಪು ಗೆರೆ ಬಂದರೆ ಡ್ರಮ್ಮಿನಲ್ಲಿ ಗೀರು ಬಿದ್ದಿರಬಹುದು ಅಥವಾ ಅದನ್ನು ಒರೆಸುವ ಪಟ್ಟಿ ಸವೆದಿರಬಹುದು. ಪುಟವೆಲ್ಲ ಬೂದು ಬಣ್ಣಕ್ಕೆ ತಿರುಗಿದರೆ ಮರುಭರ್ತಿಯ ಟೋನರನ್ನೂ ಸವೆದ ಡ್ರಮ್ಮನ್ನೂ ಸಂಶಯಿಸಿ.

ಒಂದೇ ಚುಕ್ಕೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಅಡಿಕೋಲು ತೆಗೆದುಕೊಳ್ಳಿ. ಎರಡು ಚುಕ್ಕೆಗಳ ನಡುವಿನ ದೂರವೇ ದೋಷವಿರುವ ಉರುಳೆಯ ಸುತ್ತಳತೆ. ಅನೇಕ ಸಣ್ಣ ಲೇಸರ್ ಪ್ರಿಂಟರುಗಳ ಡ್ರಮ್ 24 ಮಿಲಿಮೀಟರ್ ವ್ಯಾಸದ್ದು, ಸುತ್ತಳತೆ ಸುಮಾರು 75 ಮಿಲಿಮೀಟರ್. ಅಂತರ ಅಷ್ಟೇ ಇದ್ದರೆ ಡ್ರಮ್ ಇರುವ ಕಾರ್ಟ್ರಿಜ್ ಬದಲಿಸಬೇಕು. ಬೇರೆ ಅಳತೆ ಬಂದರೆ ಬೇರೆ ಉರುಳೆಯನ್ನು ನೋಡಬೇಕು. ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುವುದಾದರೆ ಬಿಸಿ ಸಾಕಾಗಿಲ್ಲ. ದಪ್ಪ ಕಾಗದ ಹಾಕಿದಾಗ ಕಾಗದದ ಬಗೆಯನ್ನೂ 'ಥಿಕ್' ಅಥವಾ 'ಹೆವಿ' ಎಂದು ಬದಲಿಸಿದರೆ ಯಂತ್ರ ನಿಧಾನವಾಗಿ, ಹೆಚ್ಚು ಬಿಸಿಯಲ್ಲಿ ಮುದ್ರಿಸುತ್ತದೆ.

ಇಂಕ್‌ಜೆಟ್‌ಗೆಂದು ಮಾಡಿದ ವಿಳಾಸದ ಅಂಟು ಚೀಟಿಗಳನ್ನು ಲೇಸರಿಗೆ ಹಾಕಬೇಡಿ. ಬಿಸಿಗೆ ಅಂಟು ಕರಗಿ ಚೀಟಿ ಉರುಳೆಗೆ ಸುತ್ತಿಕೊಂಡರೆ ಯಂತ್ರದ ಕಥೆ ಮುಗಿಯಿತು. ಉಬ್ಬು ಶಾಯಿಯಲ್ಲಿ ಅಚ್ಚಾದ ಸಂಘದ ಲೆಟರ್‌ಹೆಡ್‌ಗೂ ಇದೇ ಮಾತು ಅನ್ವಯಿಸುತ್ತದೆ. ಟೋನರ್ ಪುಡಿ ಬಟ್ಟೆಗೆ ಬಿದ್ದರೆ ಕೊಡವಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಪುಡಿ ಕರಗಿ ಕಲೆ ಶಾಶ್ವತವಾಗುತ್ತದೆ.

ಮಳೆಗಾಲ ಮತ್ತು ಕಾಗದ

ಮುಂಬಯಿಯಂತಹ ಕಡಲ ತೀರದ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ಗಾಳಿಯ ತೇವ ಹೀರುತ್ತದೆ. ತೇವದ ಹಾಳೆ ಸುರುಳುತ್ತದೆ, ಒಂದಕ್ಕೊಂದು ಅಂಟುತ್ತದೆ, ಟೋನರನ್ನು ಸರಿಯಾಗಿ ಹಿಡಿಯುವುದಿಲ್ಲ. ಸ್ವಾತಂತ್ರ್ಯೋತ್ಸವ, ಕೃಷ್ಣಾಷ್ಟಮಿ, ಗಣೇಶೋತ್ಸವದ ಪತ್ರಿಕೆಗಳು ತಯಾರಾಗುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ ಕಾಗದದ ಕಟ್ಟನ್ನು ಬೇಕಾದಾಗಲೇ ಒಡೆಯಿರಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಟ್ರೇಯಲ್ಲಿ ರಾತ್ರಿಯಿಡೀ ಹಾಳೆ ಬಿಡಬೇಡಿ. ಹಾಕುವ ಮುನ್ನ ಇಸ್ಪೀಟಿನ ಎಲೆಯಂತೆ ಬೀಸಿ ಬಿಡಿಸಿ. ಸಿಕ್ಕಿಕೊಂಡ ಹಾಳೆಯನ್ನು ಯಂತ್ರ ಆರಿಸಿದ ಬಳಿಕವೇ, ಅದು ಸಾಗುವ ದಿಕ್ಕಿನಲ್ಲಿಯೇ ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಹರಿದ ಚೂರು ಒಳಗುಳಿದರೆ ಮುಂದಿನ ಹಾಳೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಕಾಗದವೂ ಒಳಗೆ ಹೋಗದೆ ಜಾರುತ್ತಿದ್ದರೆ ಎಳೆಯುವ ರಬ್ಬರ್ ಉರುಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಬಳಿಕ ಹಾಳೆ ಹಾಕಿ.

ಅಂಚೆಯಲ್ಲಿ ಕಳಿಸುವ ಲಕೋಟೆಯ ವಿಳಾಸವನ್ನು ಇಂಕ್‌ಜೆಟ್‌ನಲ್ಲಿ ತೆಗೆಯುವವರು ಒಂದು ಹನಿ ನೀರು ಹಾಕಿ ಪರೀಕ್ಷಿಸಬೇಕು. ಡೈ ಶಾಯಿ ಮಳೆಹನಿಗೆ ಕರಗಿ ಹರಿಯುತ್ತದೆ, ಪಿಗ್ಮೆಂಟ್ ಶಾಯಿ ಮತ್ತು ಲೇಸರ್ ಟೋನರ್ ನಿಲ್ಲುತ್ತವೆ. ವಿಳಾಸ ಅಳಿಸಿಹೋದ ಆಮಂತ್ರಣ ತಲುಪದೇ ಹೋದರೆ "ನಮ್ಮನ್ನು ಮರೆತರು" ಎಂದು ಹಳೆಯ ಸದಸ್ಯರು ಮುನಿಸಿಕೊಳ್ಳುವುದು ಸಹಜ.

ಕಾಗದದ ತೂಕವನ್ನು ಜಿಎಸ್‌ಎಂ ಎನ್ನುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ, 500 ಹಾಳೆಯ ಕಟ್ಟು ಎರಡೂವರೆ ಕಿಲೋ. ಕಟ್ಟು ಅದಕ್ಕಿಂತ ಹಗುರವಿದ್ದರೆ ಕಾಗದ ತೆಳುವೆಂದೇ ಅರ್ಥ. ದಿನನಿತ್ಯದ ಕೆಲಸಕ್ಕೆ 75 ಅಥವಾ 80 ಸಾಕು. 250, 300 ಜಿಎಸ್‌ಎಂನ ಕಾರ್ಡು ಹೆಚ್ಚಿನ ಮನೆಯ ಪ್ರಿಂಟರುಗಳಿಗೆ ಹೇಳಿದ್ದಲ್ಲ.

ಅಂಚು, ಪುಟ, ಭಾವಚಿತ್ರ

ಪ್ರಮಾಣ ಪತ್ರದ ಅಂಚಿನ ಚಿತ್ತಾರ ಕತ್ತರಿಸಿಹೋದರೆ ಕಾಗದದ ಅಳತೆಯನ್ನು ನೋಡಿ. ಅನೇಕ ತಂತ್ರಾಂಶಗಳು ತಾವಾಗಿಯೇ ಅಮೆರಿಕದ 'ಲೆಟರ್' ಅಳತೆ ಹಿಡಿಯುತ್ತವೆ. ಅದು 216 x 279 ಮಿಲಿಮೀಟರ್. ನಮ್ಮ ಎ4 ಹಾಳೆ 210 x 297 ಮಿಲಿಮೀಟರ್. ಕಡತ ಮತ್ತು ಪ್ರಿಂಟರ್ ಎರಡರಲ್ಲೂ ಎ4 ಎಂದೇ ಇರಬೇಕು. ಹಾಳೆಯ ತುದಿಯವರೆಗೂ ಮುದ್ರಿಸುವುದು ಎಲ್ಲ ಪ್ರಿಂಟರಿಗೂ ಆಗದು, ಚಿತ್ತಾರವನ್ನು ಒಂದು ಸೆಂಟಿಮೀಟರ್ ಒಳಗಿಡಿ. ಪ್ರೆಸ್ಸಿಗೆ ಕೊಡುವಾಗ ಮಾತ್ರ ತುದಿಯ ಬಣ್ಣವನ್ನು ಸುತ್ತಲೂ 3 ಮಿಲಿಮೀಟರ್ ಹೊರಚಾಚಬೇಕು, ಕತ್ತರಿಸುವಾಗ ಬಿಳಿ ಅಂಚು ಉಳಿಯದು.

ಮಡಚಿ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು 4ರಿಂದ ಭಾಗವಾಗಬೇಕು: 8, 12, 16 ಹೀಗೆ. 10 ಪುಟದ ವಿಷಯವಿದ್ದರೆ 2 ಪುಟ ಖಾಲಿ ಉಳಿಯುತ್ತದೆ, ಅದನ್ನು ದಾನಿಗಳ ಜಾಹೀರಾತಿಗೆ ಕೊಡಬಹುದು. ಎ4 ಹಾಳೆಯನ್ನು ಅಡ್ಡ ಹಿಡಿದು ಎರಡೂ ಬದಿ ಮುದ್ರಿಸುವಾಗ 'ಶಾರ್ಟ್ ಎಡ್ಜ್' ಆಯ್ಕೆ ಮಾಡದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ.

ಭಾವಚಿತ್ರ ಮಂಕಾಗಿ ಬರಲು ಮುಖ್ಯ ಕಾರಣ ವಾಟ್ಸ್‌ಆ್ಯಪ್. ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಮೂಲರೂಪದಲ್ಲೇ ಬರುತ್ತದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕು, 5 ಇಂಚು ಅಗಲದ ಚಿತ್ರಕ್ಕೆ 1500 ಪಿಕ್ಸೆಲ್ ಅಗಲವಿರಬೇಕು. ಬಣ್ಣದ ಸ್ಮರಣ ಸಂಚಿಕೆಯಲ್ಲಿ ಕಪ್ಪು ಅಕ್ಷರಗಳನ್ನು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಲು ಪ್ರೆಸ್ಸಿನವರಿಗೆ ಹೇಳಿ. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ, ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಸಣ್ಣ ಒತ್ತಕ್ಷರ ಮಸುಕಾಗುತ್ತದೆ.

ಖಜಾಂಚಿಯ ಲೆಕ್ಕ

ಕಾರ್ಟ್ರಿಜ್ 2,000 ಪುಟ ಬರುತ್ತದೆ ಎಂದು ಪೆಟ್ಟಿಗೆಯ ಮೇಲಿದ್ದರೆ, ಅದು ಪುಟದ ಸುಮಾರು ಶೇ. 5ರಷ್ಟು ಭಾಗಕ್ಕೆ ಮಾತ್ರ ಶಾಯಿ ಬೀಳುತ್ತದೆ ಎಂಬ ಎಣಿಕೆಯಲ್ಲಿ. ಸಾಧಾರಣ ಪತ್ರಕ್ಕೆ ಈ ಲೆಕ್ಕ ಸರಿ. ಅತಿಥಿಗಳ, ದಾನಿಗಳ ಭಾವಚಿತ್ರ ತುಂಬಿದ ಆಮಂತ್ರಣದಲ್ಲಿ ಶೇ. 25 ಭಾಗ ಶಾಯಿಯಿದ್ದರೆ ಅದೇ ಕಾರ್ಟ್ರಿಜ್ 400 ಪುಟಕ್ಕೇ ಮುಗಿಯುತ್ತದೆ. ಕಾರ್ಟ್ರಿಜ್ ಬೆಲೆಯನ್ನು 2,000ದಿಂದ ಭಾಗಿಸಿ ಬಜೆಟ್ ಮಾಡಿದವರ ಲೆಕ್ಕ ಐದು ಪಟ್ಟು ತಪ್ಪುತ್ತದೆ.

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮತ್ತು ತಯಾರಿಯ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಆದ್ದರಿಂದ ಪ್ರತಿ ಹೆಚ್ಚಾದಷ್ಟೂ ತಲಾ ಖರ್ಚು ಇಳಿಯುತ್ತದೆ. ಮನೆಯ ಪ್ರಿಂಟರಿನಲ್ಲಿ ಹಾಗಲ್ಲ, ಸಾವಿರನೆಯ ಪ್ರತಿಗೂ ಮೊದಲನೆಯದರಷ್ಟೇ ಖರ್ಚು. ಹತ್ತಾರು ಪ್ರಮಾಣ ಪತ್ರ, ತರಗತಿಯ ಹಾಳೆ, ಸಭೆಯ ವರದಿ ಮನೆಯಲ್ಲಿ ಆಗಲಿ. ನೂರಾರು ಆಮಂತ್ರಣಕ್ಕೆ ಡಿಜಿಟಲ್ ಮತ್ತು ಆಫ್‌ಸೆಟ್ ಎರಡರ ದರವನ್ನೂ ಕೇಳಿ ನಿರ್ಧರಿಸುವುದು ಜಾಣತನ.

ಕೊನೆಯದಾಗಿ ಪ್ರೂಫ್

ಯಂತ್ರದ ತಪ್ಪನ್ನು ಯಂತ್ರದಿಂದ ತಿದ್ದಬಹುದು, ಹೆಸರಿನ ತಪ್ಪನ್ನು ಮುದ್ರಣವಾದ ಬಳಿಕ ತಿದ್ದಲಾಗದು. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುತ್ತದೆ. ಒಂದು ಪ್ರತಿ ತೆಗೆದು, ಟೈಪ್ ಮಾಡದ ಇಬ್ಬರಿಗೆ ಓದಲು ಕೊಡಿ. ಒಬ್ಬರು ಹೆಸರುಗಳನ್ನು ಸದಸ್ಯರ ಪಟ್ಟಿಯೊಂದಿಗೆ ತಾಳೆ ನೋಡಲಿ, ಇನ್ನೊಬ್ಬರು ದಿನಾಂಕ, ವಾರ, ಸಮಯ, ಸ್ಥಳ ನೋಡಲಿ. ಇಬ್ಬರೂ ಸಹಿ ಹಾಕಿದ ಮೇಲೆಯೇ ಉಳಿದ ಪ್ರತಿ ತೆಗೆಯಬೇಕು. ಬ್ಯಾಂಕಿನಲ್ಲಿ ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಇಲ್ಲಿಯೂ ಸಲ್ಲುತ್ತದೆ. ದಿವಂಗತ ಹಿರಿಯರ ಶ್ರದ್ಧಾಂಜಲಿ ಸಭೆಯ ಪತ್ರದಲ್ಲಿ ಹೆಸರೇ ತಪ್ಪಾದರೆ ಆ ಮನೆಯವರಿಗೆ ಆಗುವ ನೋವಿಗೆ ಕ್ಷಮಾಪಣೆಯ ಸುತ್ತೋಲೆ ಪರಿಹಾರವಾಗದು.

ಪ್ರತಿ ವರ್ಷದ ಆಮಂತ್ರಣ, ಪ್ರಮಾಣ ಪತ್ರ, ವಿಳಾಸ ಪಟ್ಟಿಗಳನ್ನು ಯೂನಿಕೋಡ್ ಕಡತ ಮತ್ತು ಪಿಡಿಎಫ್ ಎರಡೂ ರೂಪದಲ್ಲಿ ಸಂಘದ ಹೆಸರಿನಲ್ಲಿ ಕಾಪಾಡಿಡಬೇಕು. ಕಾರ್ಯದರ್ಶಿ ಬದಲಾದಾಗ ಹೊಸಬರು ಬರಿಗೈಯಿಂದ ಆರಂಭಿಸುವ ಪ್ರಮೇಯ ಬಾರದು. ಸಂಘದಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಯುವಕನಿಗೋ ಯುವತಿಗೋ ಈ ಜವಾಬ್ದಾರಿ ವಹಿಸಿದರೆ, ಇಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕನ್ನಡ ಅಕ್ಷರದ ಜೊತೆ ಒಡನಾಟವೂ ಬೆಳೆಯುತ್ತದೆ. ಮುಂದಿನ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಒತ್ತು, ದೀರ್ಘ ಯಾವುದೂ ತಪ್ಪದೆ ಅಚ್ಚ ಕನ್ನಡದಲ್ಲಿ ಸದಸ್ಯರ ಮನೆ ಸೇರಲಿ.